ಟೈಟಾನಿಯಂ ಬೇರು ಸಿಕ್ಕರೂ ಶುದ್ಧ ನೀರಿಗೆ ಪರ್ಯಾಯವಿಲ್ಲ

ತುಮಕೂರು: ಉದುರಿದ ಹಲ್ಲಿನ ಜಾಗಕ್ಕೆ ಟೈಟಾನಿಯಂ ಬೇರು, ಸವೆದ ಮಂಡಿಗೆ ಲೋಹದ ಕೀಲು. ದೇಹವು ತಿರಸ್ಕರಿಸದೆ ತನ್ನೊಳಗೆ ಇರಿಸಿಕೊಳ್ಳುವ ಇಂತಹ ವಸ್ತುಗಳನ್ನು ವೈದ್ಯವಿಜ್ಞಾನ ‘ಬಯೋಮೆಟೀರಿಯಲ್’ ಎಂದು ಕರೆಯುತ್ತದೆ. ಆದರೆ ಕೊಳವೆ ಬಾವಿ ನೀರಿನ ಫ್ಲೋರೈಡ್ ಸಮಸ್ಯೆಗೆ ಹೆಸರಾದ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಮಟ್ಟಿಗೆ ಪ್ರಶ್ನೆಯೇ ಬೇರೆ. ನೀರು ಕೆಡಿಸಿದ ಹಲ್ಲು, ಮೂಳೆಗಳನ್ನು ಈ ವಸ್ತುಗಳು ಸರಿಪಡಿಸಬಲ್ಲವೇ?

ಮೂಳೆಯೊಂದಿಗೆ ಬೆಸುಗೆ: ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವರ್ ಬ್ರಾನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿ ಟೈಟಾನಿಯಂ ಉಪಕರಣವೊಂದನ್ನು ಇರಿಸಿದ್ದರು. ಅದು ಹೊರತೆಗೆಯಲಾಗದಷ್ಟು ಗಟ್ಟಿಯಾಗಿ ಮೂಳೆಗೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ರೋಗಿಯೊಬ್ಬರ ದವಡೆಗೆ ಟೈಟಾನಿಯಂ ಬೇರುಗಳನ್ನು ಅಳವಡಿಸಿದರು. ಗಾಳಿ ಸೋಕಿದೊಡನೆ ಈ ಲೋಹದ ಮೇಲೆ ಮೂಡುವ ತೆಳುವಾದ ಆಕ್ಸೈಡ್ ಪದರವು ಅದು ತುಕ್ಕು ಹಿಡಿಯದಂತೆ ಕಾಯುತ್ತದೆ. ಕೃತಕ ಮಂಡಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಮತ್ತು ಪಾಲಿಎಥಿಲೀನ್ ಬಳಕೆಯಾಗುತ್ತವೆ.

ಒಂದೇ ಖನಿಜ: ಮೂಳೆ ಮತ್ತು ಹಲ್ಲುಗಳಿಗೆ ಗಟ್ಟಿತನ ನೀಡುವುದು ಕ್ಯಾಲ್ಸಿಯಂ ಹಾಗೂ ಫಾಸ್ಫೇಟ್‌ಗಳಿಂದಾದ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜ. ಇದನ್ನೇ ಕೃತಕವಾಗಿ ತಯಾರಿಸಿ ಕೆಲವು ಇಂಪ್ಲಾಂಟ್‌ಗಳಿಗೆ ಲೇಪಿಸುತ್ತಾರೆ. ಪರಿಚಿತ ಖನಿಜವಾದ್ದರಿಂದ ಮೂಳೆ ಬೇಗ ಕೂಡಿಕೊಳ್ಳುತ್ತದೆ. ಫ್ಲೋರೈಡ್ ಬದಲಾಯಿಸುವುದೂ ಇದೇ ಖನಿಜವನ್ನು. ಅಲ್ಪ ಪ್ರಮಾಣದಲ್ಲಿ ಅದು ಹುಳುಕು ತಡೆಯುತ್ತದೆ. ವರ್ಷಗಟ್ಟಲೆ ಅತಿಯಾಗಿ ಸೇರಿದರೆ ಹಲ್ಲು, ಮೂಳೆಗಳ ರಚನೆಯೇ ಕೆಡುತ್ತದೆ.

ಶಿಲೆಯಿಂದ ನೀರಿಗೆ: ಈ ಭಾಗದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಕರಗಿ ಬರುತ್ತದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚಿರುವ ಸಾಧ್ಯತೆ ಇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ ಮಿತಿ 1.5 ಮಿಲಿಗ್ರಾಂ.

ಚಿಕಿತ್ಸೆಯ ಮಿತಿ: ಹಲ್ಲಿನ ಕಲೆಗಳು ಮೂಡುವುದು ಬಾಲ್ಯದಲ್ಲಿ, ದಂತಕವಚ ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗೆ. ಬೇರು ಗಟ್ಟಿಯಿದ್ದರೆ ಇದಕ್ಕೆ ಇಂಪ್ಲಾಂಟ್ ಬೇಕಿಲ್ಲ. ಕಾಂಪೋಸಿಟ್ ಅಥವಾ ಸೆರಾಮಿಕ್ ಹೊದಿಕೆಯಿಂದ ಕಲೆ ಮರೆಮಾಡಬಹುದು. ಮೂಳೆಯ ಫ್ಲೋರೋಸಿಸ್ ಹಾಗಲ್ಲ. ಮೂಳೆ ದಟ್ಟವಾದರೂ ಪೆಡಸಾಗುತ್ತದೆ, ಅಸ್ಥಿರಜ್ಜುಗಳಲ್ಲಿ ಸುಣ್ಣದಂಶ ಸೇರಿ ಬೆನ್ನು, ಕತ್ತು ಬಿಗಿಯುತ್ತವೆ. ಸವೆದ ಒಂದು ಕೀಲನ್ನು ಬದಲಿಸಬಹುದು. ಇಡೀ ಅಸ್ಥಿಪಂಜರವನ್ನು ಬದಲಿಸಲಾಗದು. ವೆಚ್ಚವೂ ಕಡಿಮೆಯಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಕಡಿವಾಣ ಹಾಕಿದಾಗಲೂ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಹೊರತುಪಡಿಸಿ ರೂ. 54,720 ನಿಗದಿಯಾಗಿತ್ತು. ಶಸ್ತ್ರಚಿಕಿತ್ಸೆಯ ವೆಚ್ಚ ಪ್ರತ್ಯೇಕ.

ತಡೆಯೇ ಮದ್ದು: ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ರಿವರ್ಸ್ ಆಸ್ಮೋಸಿಸ್ ವಿಧಾನದ ಶುದ್ಧ ನೀರಿನ ಘಟಕಗಳು ಇದನ್ನು ಬೇರ್ಪಡಿಸಬಲ್ಲವು. ಆದರೆ ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ನೀರನ್ನು ಪರೀಕ್ಷಿಸುತ್ತಿರಬೇಕು. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಯೋಜನೆಯ ಮಹತ್ವವೂ ಇಲ್ಲಿಯೇ ಇದೆ. ಊಟದಲ್ಲಿ ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ ಇದ್ದರೆ ಕ್ಯಾಲ್ಸಿಯಂ ಹಾಗೂ ಸಿ ಜೀವಸತ್ವ ದೊರೆತು ಹಾನಿ ತಗ್ಗಲು ನೆರವಾಗುತ್ತದೆ. ಕಳೆದುಹೋದ ಹಲ್ಲಿಗೆ ವಿಜ್ಞಾನ ಬದಲಿ ಕೊಟ್ಟಿದೆ. ಬೆಳೆಯುವ ಮಗುವಿನ ಹಲ್ಲು, ಮೂಳೆಗಳನ್ನು ಉಳಿಸಬೇಕಾದುದು ಮಾತ್ರ ಬಿಂದಿಗೆಯ ನೀರು.