ಟೇಪು ಹಿಡಿದು ಅಂಗಡಿಗೆ ಹೋಗಿ

'ಶಾರ್ಟ್ ಸರ್ಕ್ಯೂಟ್‌ನಿಂದ ಅಡುಗೆಮನೆಗೆ ಬೆಂಕಿ.' ಸ್ಟುಡಿಯೋದಲ್ಲಿ ಕೂತು ಈ ಸಾಲನ್ನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಓದಿ, ಮುಂದಿನ ಸುದ್ದಿಗೆ ಹೋಗಿಬಿಡ್ತೀವಿ. ಕಳೆದ ವರ್ಷ ಅದೇ ಸುದ್ದಿ ನಮ್ಮ ಅಕ್ಕನ ಮನೆ ಹೊಸ್ತಿಲವರೆಗೂ ಬಂದು ವಾಪಸ್ ಹೋಯಿತು.

ಅಕ್ಕನದು ಬೆಂಗಳೂರಿನಲ್ಲಿ ಪುಟ್ಟ ಫ್ಲ್ಯಾಟು. ದೀಪಾವಳಿ ಆಫರ್ ನೋಡಿ 28 ಲೀಟರಿನ ಕನ್ವೆಕ್ಷನ್ ಮೈಕ್ರೋವೇವ್ ತಂದಳು. ತಂದಮೇಲೆ ಶುರುವಾಯಿತು, ಇಡೋದೆಲ್ಲಿ? ಕಟ್ಟೆಯ ಮೇಲಿದ್ದ ಕಪಾಟಿನ ಗೂಡಿಗೆ ತಳ್ಳಿದರು. 'ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ ನೋಡೋ' ಅಂತ ಅಕ್ಕನಿಗೆ ಖುಷಿಯೋ ಖುಷಿ. ದಪ್ಪ ಪ್ಲಗ್ಗು ಅಲ್ಲಿದ್ದ ಸಣ್ಣ ಸಾಕೆಟ್ಟಿಗೆ ಹಿಡಿಸಲಿಲ್ಲ. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದರು. ಹದಿನೈದೇ ದಿನ. ಕೇಕ್ ಮಾಡುವಾಗ ಸುಟ್ಟ ವಾಸನೆ. ಅಡಾಪ್ಟರ್ ಕರಗಿತ್ತು, ಗೂಡಿನ ಲ್ಯಾಮಿನೇಟ್ ಉಬ್ಬಿತ್ತು. ಭಾವ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಅಲ್ಲಿಗೆ ಬಚಾವ್.

ಯಾಕೆ ಹೀಗಾಯಿತು? ಮೈಕ್ರೋವೇವ್ ಒಳಗಿನ ಮ್ಯಾಗ್ನೆಟ್ರಾನ್ ತಾನು ಪಡೆದ ವಿದ್ಯುತ್ತನ್ನೆಲ್ಲ ಅಲೆಯಾಗಿ ಬದಲಿಸುವುದಿಲ್ಲ. ಸುಮಾರು ಮೂರನೇ ಒಂದು ಭಾಗ ಬರೀ ಬಿಸಿಯಾಗಿ ಹೊರಗೆ ಹೋಗಬೇಕು. ಕನ್ವೆಕ್ಷನ್ ಆದರೆ ಹೀಟರಿನ ಕಾವು ಬೇರೆ. ಒಳಗಿನ ಫ್ಯಾನು ಇದನ್ನೆಲ್ಲ ಕಿಂಡಿಗಳಿಂದ ಹೊರಕ್ಕೆ ನೂಕುತ್ತೆ. ಕಿಂಡಿಗೆ ಗೋಡೆ ಅಡ್ಡ ನಿಂತರೆ ಆ ಬಿಸಿ ಎಲ್ಲಿಗೆ ಹೋಗಬೇಕು ಹೇಳಿ?

ಹಾಗಾಗಿ ಮೊದಲು ಜಾಗ ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ. ಲೀಟರ್ ಅನ್ನೋದು ಒಳಗಿನ ಲೆಕ್ಕ, ಅದನ್ನು ನಂಬಿ ಜಾಗ ಹುಡುಕಬೇಡಿ. ಹೊರಗಿನ ಅಗಲ, ಎತ್ತರ, ಆಳ ಕೇಳಿ. ಅನೇಕ ಮಾಡೆಲ್‌ಗಳಲ್ಲಿ ಹಿಂದೆ 10, ಮೇಲೆ 20, ಪಕ್ಕಗಳಲ್ಲಿ 5 ಸೆಂಟಿಮೀಟರ್ ಖಾಲಿ ಬಿಡಿ ಅಂತಾರೆ. ನಿಮ್ಮ ಮಾಡೆಲ್ಲಿನ ಕೈಪಿಡಿ ಹೇಳಿದ್ದೇ ಅಂತಿಮ. ಈ ಲೆಕ್ಕದಲ್ಲಿ 51 ಸೆಂಟಿಮೀಟರ್ ಅಗಲ, 30 ಎತ್ತರ, 48 ಆಳದ ಯಂತ್ರಕ್ಕೆ 61 ಅಗಲ, 50 ಎತ್ತರ, 58 ಆಳದ ಜಾಗ ಬೇಕು. ಬಾಗಿಲು ಸಾಮಾನ್ಯವಾಗಿ ಎಡಕ್ಕೆ ತೆರೆದುಕೊಳ್ಳುತ್ತೆ. ಎಡಗಡೆ ಗೋಡೆಯೋ ಫ್ರಿಜ್ಜೋ ಇದ್ದರೆ ಅರ್ಧಕ್ಕೇ ನಿಲ್ಲುತ್ತೆ, ಅದನ್ನೂ ನೋಡಿ. ಕಪಾಟಿನ ಒಳಗೇ ಬೇಕು ಅನ್ನೋರು, ಅದಕ್ಕೆಂದೇ ತಯಾರಾದ ಬಿಲ್ಟ್-ಇನ್ ಮಾಡೆಲ್ ಕೊಳ್ಳಿ.

ಇನ್ನು ಸಾಕೆಟ್ಟು. ಪೆಟ್ಟಿಗೆಯ ಮೇಲಿನ '800 ವ್ಯಾಟ್' ಅಡುಗೆಗೆ ಸಿಗುವ ಶಕ್ತಿ. ಗೋಡೆಯಿಂದ ಅದು ಎಳೆಯೋದು 1200ರ ಆಸುಪಾಸು. ಕನ್ವೆಕ್ಷನ್ ಆದರೆ 2000 ದಾಟಬಹುದು. 6 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ತಾಳೋದು 1380 ವ್ಯಾಟ್ ಮಾತ್ರ. ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಹಾಕಿಸಿ. ಅಡಾಪ್ಟರ್, ಎಕ್ಸ್‌ಟೆನ್ಷನ್ ವೈರು ಬೇಡವೇ ಬೇಡ.

ಕೊನೆಯದಾಗಿ, ಬಳಸೋದು ಯಾರು? ಗ್ಯಾಸ್ ಒಲೆಯ ಮೇಲ್ಗಡೆ ಇಡಬೇಡಿ. ತಲೆಗಿಂತ ಎತ್ತರಕ್ಕೂ ಬೇಡ. ತುದಿಗಾಲಲ್ಲಿ ನಿಂತು ಕುದಿಯೋ ಸಾರಿನ ಬಟ್ಟಲು ಇಳಿಸೋ ಅಮ್ಮನ ಮುಖ ನೆನಪಿಸಿಕೊಳ್ಳಿ. ಮೊಣಕೈ ಮಟ್ಟದ ಗಟ್ಟಿ ಕಟ್ಟೆ ಸಾಕು. ಬರೀ ಅನ್ನ, ಸಾರು, ಹಾಲು ಬಿಸಿ ಮಾಡೋ ಮನೆಗೆ 20 ಲೀಟರಿನ ಸೋಲೋ ಧಾರಾಳವಾಯಿತು.

ಅಕ್ಕನ ಮೈಕ್ರೋವೇವ್ ಈಗ ಕಟ್ಟೆಯ ಮೇಲೆ, ಹೊಸ ಪಾಯಿಂಟಿನ ಪಕ್ಕದಲ್ಲಿದೆ. ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಗಳು. 'ಅಂದೇ ಟೇಪು ಹಿಡಿದಿದ್ದರೆ' ಅಂತ ಈಗಲೂ ಅಂತಾಳೆ. ನಿಮಗೆ ಆ ಮಾತು ಬರೋದು ಬೇಡ. ಅಳೆಯೋಕೆ ಐದು ನಿಮಿಷ ಸಾಕು.