ಅದೃಷ್ಟಕ್ಕೂ ಲೆಕ್ಕ ಇಟ್ಟ ಆಟ

2018ರ ನವೆಂಬರ್. ಚೀನಾದ ವೂಹು ನಗರದ ಸ್ಪರ್ಧೆಯಲ್ಲಿ ಡು ಯುಶೆಂಗ್ ರೂಬಿಕ್ಸ್ ಕ್ಯೂಬನ್ನು 3.47 ಸೆಕೆಂಡಿನಲ್ಲಿ ಬಿಡಿಸಿಟ್ಟರು. ಅಲ್ಲಿಯವರೆಗಿನ ವಿಶ್ವದಾಖಲೆ ಆಸ್ಟ್ರೇಲಿಯಾದ ಫೆಲಿಕ್ಸ್ ಜೆಮ್‌ಡೆಗ್ಸ್ ಅವರ 4.22. ಕೂದಲೆಳೆಯಷ್ಟೇ ಕರಗುತ್ತಿದ್ದ ದಾಖಲೆ ಒಮ್ಮೆಗೇ ಮುಕ್ಕಾಲು ಸೆಕೆಂಡು ಇಳಿದಿತ್ತು. ಜಗತ್ತಿಗೆ ನೋಡಸಿಕ್ಕಿದ್ದು ಸಿಸಿಟಿವಿಯ ಮಸುಕು ದೃಶ್ಯ ಮಾತ್ರ. ಆದರೂ ದಾಖಲೆ ಊರ್ಜಿತವಾಯಿತು.

ಆ ನಂಬಿಕೆಯ ಹಿಂದಿರುವುದು 2004ರಲ್ಲಿ ಹುಟ್ಟಿದ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್. ಕ್ಯೂಬನ್ನು ಹೇಗೆ ಕಲಸಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಒಂದು ಗುಂಪಿನವರಿಗೆಲ್ಲ ಒಂದೇ ಕಲಸು. ಕ್ಯೂಬಿನ ಮೇಲಿನ ಮುಚ್ಚಳ ಎತ್ತಿದ ಮೇಲೆ ಪದರ ತಿರುಗಿಸದೆ ನೋಡಿಕೊಳ್ಳಲು 15 ಸೆಕೆಂಡು. ಬಳಿಕ ಎರಡೂ ಕೈ ಟೈಮರ್ ಮೇಲಿಟ್ಟು ಎತ್ತಿದರೆ ಗಡಿಯಾರ ಓಡುತ್ತದೆ, ಮತ್ತೆ ತಟ್ಟಿದರೆ ನಿಲ್ಲುತ್ತದೆ. ಒಂದು ಪದರ 45 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಉಳಿದಿದ್ದರೆ ಎರಡು ಸೆಕೆಂಡು ದಂಡ. ಪಕ್ಕದಲ್ಲೇ ಕುಳಿತ ತೀರ್ಪುಗಾರರು ಅಂಕಪಟ್ಟಿಗೆ ಸಹಿ ಹಾಕಬೇಕು.

ಹಂಗೇರಿಯ ಎರ್ನೋ ರೂಬಿಕ್ 1974ರಲ್ಲಿ ರೂಪಿಸಿದ ಈ ಘನಕ್ಕೆ 43ರ ಮುಂದೆ 18 ಸೊನ್ನೆ ಇಟ್ಟಷ್ಟು ಸ್ಥಿತಿಗಳಿವೆ. ಯಾವುದೇ ಸ್ಥಿತಿಯನ್ನೂ 20 ತಿರುವುಗಳೊಳಗೆ ಬಿಡಿಸಬಹುದೆಂದು 2010ರಲ್ಲಿ ಕಂಪ್ಯೂಟರ್‌ಗಳ ನೆರವಿನಿಂದ ಸಾಬೀತಾಯಿತು. ಆದರೆ ಆ ಕಿರುದಾರಿ ಕ್ಷಣಾರ್ಧದಲ್ಲಿ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿನವರು ಒಂದು ಬದಿಯಲ್ಲಿ ಶಿಲುಬೆ ಕಟ್ಟಿ, ಕೆಳಗಿನ ಎರಡು ಪದರ ತುಂಬಿ, ಕಂಠಪಾಠ ಮಾಡಿಕೊಂಡ ಸೂತ್ರಗಳಿಂದ ಮೇಲಿನ ಪದರ ಮುಗಿಸುತ್ತಾರೆ. ಜೆಸ್ಸಿಕಾ ಫ್ರಿಡ್ರಿಕ್ ಜನಪ್ರಿಯಗೊಳಿಸಿದ ಈ ಕ್ರಮಕ್ಕೆ ಸಾಮಾನ್ಯವಾಗಿ ಐವತ್ತರ ಆಸುಪಾಸು ತಿರುವು ಬೇಕು. ಡು ಯುಶೆಂಗ್‌ಗೆ ಅಂದು 27 ಸಾಕಾದವು. ಬೆರಳಿನ ಚುರುಕಿಗೆ ಕಲಸೂ ಒಲಿದು ಬಂದಿತ್ತು.

ಹೀಗೆ ಒಲಿಯುವುದನ್ನು ಆಟ ಅಲ್ಲಗಳೆಯಲಿಲ್ಲ, ಅದಕ್ಕೊಂದು ಬೇರೆ ಖಾತೆ ತೆರೆಯಿತು. ‘ಸಿಂಗಲ್’ ಎಂದರೆ ಒಂದೇ ಯತ್ನದ ಸಮಯ. ‘ಆವರೇಜ್’ ಎಂದರೆ ಐದು ಯತ್ನಗಳಲ್ಲಿ ಅತಿ ವೇಗದ್ದನ್ನೂ ಅತಿ ನಿಧಾನದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ.

ವೇಗವೊಂದೇ ಇಲ್ಲಿನ ಅಳತೆಯೂ ಅಲ್ಲ. ಒಟ್ಟು 17 ವಿಭಾಗಗಳಿವೆ. ‘ಕನಿಷ್ಠ ತಿರುವು’ ವಿಭಾಗದಲ್ಲಿ ಒಂದು ಗಂಟೆ ಕಾಗದ, ಪೆನ್ನು ಹಿಡಿದು ಯೋಚಿಸಬೇಕು. ಇಟಲಿಯ ಸೆಬಾಸ್ಟಿಯಾನೊ ಟ್ರಾಂಟೊ 2019ರಲ್ಲಿ 16 ತಿರುವುಗಳ ಉತ್ತರ ಬರೆದರು. ಹಲವು ಕ್ಯೂಬ್‌ಗಳನ್ನು ನೆನಪಿಟ್ಟುಕೊಂಡು ಕಣ್ಣಿಗೆ ಬಟ್ಟೆ ಕಟ್ಟಿ ಬಿಡಿಸುವ ವಿಭಾಗದಲ್ಲಿ ಅಮೆರಿಕದ ಗ್ರಹಾಂ ಸಿಗಿನ್ಸ್ 2022ರಲ್ಲಿ 65ರಲ್ಲಿ 62 ಬಿಡಿಸಿದರು, ಅದೂ ಒಂದು ಗಂಟೆಯೊಳಗೆ. ಕಾಲಿನಲ್ಲಿ ಬಿಡಿಸುವ ವಿಭಾಗವೂ ಇತ್ತು. 2019ರ ಡಿಸೆಂಬರ್‌ನಲ್ಲಿ ಮುಂಬೈನಲ್ಲಿ ಭಾರತದ ಮೊಹಮ್ಮದ್ ಐಮನ್ ಕೋಲಿ 15.56 ಸೆಕೆಂಡಿನ ದಾಖಲೆ ಬರೆದರು. 2020ರಲ್ಲಿ ಆ ವಿಭಾಗವನ್ನೇ ಕೈಬಿಟ್ಟಿದ್ದರಿಂದ ಅದನ್ನಿನ್ನು ಮುರಿಯುವವರಿಲ್ಲ.

1982ರಲ್ಲಿ ಬುಡಾಪೆಸ್ಟ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆಲ್ಲಲು ಮಿನ್ ಥಾಯ್‌ಗೆ 22.95 ಸೆಕೆಂಡಿನ ಒಂದು ಯತ್ನ ಸಾಕಾಗಿತ್ತು. ವೂಹು ದಾಖಲೆಯನ್ನು 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13ಕ್ಕೆ ಇಳಿಸಿದರು, 2025ರ ಏಪ್ರಿಲ್‌ನಲ್ಲಿ ಏಳು ವರ್ಷದ ಚೀನೀ ಬಾಲಕ ಗೆಂಗ್ ಷುವಾನ್‌ಯಿ 3.05ಕ್ಕೆ ತಂದ. ಆದರೆ ಈಗ ಚಾಂಪಿಯನ್ ಪಟ್ಟ ನಿರ್ಧರಿಸುವುದು ಆವರೇಜ್. 3.47ರ ದಾಖಲೆ ಇನ್ನೂ ಊರ್ಜಿತದಲ್ಲಿದ್ದಾಗಲೇ, 2019ರ ಮೆಲ್ಬರ್ನ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದವರು ಜರ್ಮನಿಯ ಫಿಲಿಪ್ ವೇಯರ್. ಅವರ ಸರಾಸರಿ 6.74 ಸೆಕೆಂಡು.