ಬಟ್ಟಲ ನೀರು ಕುಡಿಯದ ಗೋಸುಂಬೆ

ಮುಂದೆ ಬಟ್ಟಲು ತುಂಬ ನೀರಿದ್ದರೂ ಗೋಸುಂಬೆ ಬಾಯಾರಿ ಸಾಯಬಹುದು! ಸಾಮಾನ್ಯವಾಗಿ ಅದು ನಿಂತ ನೀರಿಗೆ ಬಾಯಿ ಹಾಕದು. ಎಲೆಯ ಮೇಲಿನ ಹನಿ ನೆಕ್ಕಿ ದಾಹ ತೀರಿಸಿಕೊಳ್ಳುತ್ತದೆ. ಆದ್ದರಿಂದಲೇ ಅಮೆರಿಕದಲ್ಲಿ ಯೆಮನ್ ಮೂಲದ ಗೋಸುಂಬೆ ಸಾಕುವವರು ದಿನವೂ ಗೂಡಿನ ಗಿಡಗಳಿಗೆ ನೀರು ಚಿಮುಕಿಸುತ್ತಾರೆ. ಗೂಡು ಎತ್ತರವಾಗಿ, ಗಾಳಿಯಾಡುವಂತೆ ಜಾಲರಿಯದಾಗಿರಬೇಕು. ಒಂದು ಗೂಡಿಗೆ ಒಂದೇ. ಇನ್ನೊಂದು ಬಂದರೆ ಕಾದಾಟ. ಊಟಕ್ಕೆ ಕ್ಯಾಲ್ಸಿಯಂ ಪುಡಿ ಸವರಿದ ಜೀವಂತ ಹುಳುಗಳು, ಬಿಸಿಲಿಗೆ ಬದಲಾಗಿ ಅತಿನೇರಳೆ ದೀಪ. ಇವು ತಪ್ಪಿದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ.

ನಮ್ಮ ತೋಟದ ಗೋಸುಂಬೆಯನ್ನು ಮಾತ್ರ ಹಿಡಿದು ತರುವಂತಿಲ್ಲ. (ಬೇಲಿಯ ಮೇಲೆ ತಲೆಯಾಡಿಸುವುದು ಓತಿಕೇತ, ಅದು ಬೇರೆ.) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ. ಮಗ ಈಗಾಗಲೇ ಡಬ್ಬಿಯಲ್ಲಿ ತಂದಿದ್ದರೆ ಗದರಬೇಡಿ; ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವನ ಜೊತೆಯಲ್ಲೇ ಹೋಗಿ ಒಪ್ಪಿಸಿ.